‘ತಿಳೀತಾ?’ ಅಂತ ಕೇಳೋದು ಬಿಡಿ: ಹೊಸ ಮಾಸ್ತರು, ಟೀಚರುಗಳಿಗೆ ಕ್ಲಾಸಿನೊಳಗಿನ ಮಾರ್ಗದರ್ಶಿ

ಪಾಠ ಮುಗಿಸಿ ‘ತಿಳೀತಾ?’ ಅಂತ ಕೇಳಿ ನೋಡಿ. ಇಡೀ ಕ್ಲಾಸು ಒಂದೇ ದನಿಯಲ್ಲಿ ‘ತಿಳೀತ್ರೀ ಸರ್!’ ಅನ್ನುತ್ತದೆ. ಸುರಪುರದ ಶಾಲೆಯಲ್ಲೂ ಅಷ್ಟೇ, ಔರಾದಿನ ಶಾಲೆಯಲ್ಲೂ ಅಷ್ಟೇ. ಆ ಕೂಗಿನಲ್ಲಿ ನಿಜವಾಗಿ ತಿಳಿದವರೆಷ್ಟು, ಪಕ್ಕದವರು ಕೂಗಿದರು ಅಂತ ಕೂಗಿದವರೆಷ್ಟು? ಎಂಥ ಅನುಭವಿ ಮಾಸ್ತರಿಗೂ ಅದು ಗೊತ್ತಾಗುವುದಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದವರು, ಬಿ.ಎಡ್., ಡಿ.ಎಲ್.ಎಡ್. ಓದುತ್ತಿರುವವರು, ಅತಿಥಿ ಶಿಕ್ಷಕರಾಗಿ ಬಂದವರು ‘ನಾನು ಹೇಗೆ ಹೇಳಲಿ’ ಅಂತಲೇ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು: ಈ ಮಗುವಿಗೆ ಈಗ ಏನು ಬರುತ್ತದೆ, ಅದನ್ನು ನಾನು ಹೇಗೆ ಕಂಡುಹಿಡಿಯಲಿ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ. ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆಯ ಸರ್ಕಾರಿ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲ ವಾರ: ಹೆಸರು, ಜಾಗ, ದಾರಿ

ಮೊದಲು ಮಕ್ಕಳ ಹೆಸರು ಕಲಿಯಿರಿ. ಹಾಜರಿ ಪುಸ್ತಕದಲ್ಲಿ ಇರುವ ಹೆಸರೇ ಒಂದು, ಮನೆಯಲ್ಲಿ ಕರೆಯುವುದೇ ಇನ್ನೊಂದು. ಎರಡನ್ನೂ ಬರೆದುಕೊಳ್ಳಿ. ಒಂದು ಹಾಳೆಯಲ್ಲಿ ಕ್ಲಾಸಿನ ನಕ್ಷೆ ಹಾಕಿ, ಯಾರು ಎಲ್ಲಿ ಕೂರುತ್ತಾರೆ ಅಂತ ಗುರುತು ಮಾಡಿ ಮೇಜಿನ ಮೇಲೆ ಇಟ್ಟುಕೊಳ್ಳಿ. ‘ಏ, ನೀನು, ಹಿಂದಿನವನು’ ಅಂತ ಕರೆಯುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ಇರುವ ವ್ಯತ್ಯಾಸ ಮೂರೇ ದಿನದಲ್ಲಿ ಕಾಣುತ್ತದೆ.

ಆಮೇಲೆ ಒಂದು ಸಂಜೆ ಮಕ್ಕಳ ಜೊತೆ ಅವರ ದಾರಿಯಲ್ಲಿ ನಡೆದು ಹೋಗಿ. ಯಾರು ತಾಂಡಾದಿಂದ ಬರುತ್ತಾರೆ, ಯಾರು ಹೊಲದಲ್ಲೇ ಮನೆ ಮಾಡಿಕೊಂಡಿದ್ದಾರೆ, ಮಳೆ ಬಂದರೆ ಯಾವ ಹಳ್ಳ ಅಡ್ಡ ಬರುತ್ತದೆ ಅಂತ ಗೊತ್ತಾಗುತ್ತದೆ. ತಡವಾಗಿ ಬಂದ ಮಗುವಿಗೆ ಮರುದಿನ ನೀವು ಕೇಳುವ ಪ್ರಶ್ನೆಯೇ ಬದಲಾಗುತ್ತದೆ.

ಬಿಸಿಯೂಟದ ಅಡುಗೆಯವರನ್ನು ಮಾತಾಡಿಸುವುದನ್ನು ಮರೆಯಬೇಡಿ. ಯಾವ ಮಗು ಮುಂಜಾನೆ ಉಣ್ಣದೆ ಬರುತ್ತದೆ, ಯಾರ ಮನೆಯಲ್ಲಿ ಈಗ ಅಜ್ಜಿ ಮಾತ್ರ ಇದ್ದಾಳೆ ಅನ್ನುವುದು ಹೆಡ್‌ಮಾಸ್ತರಿಗಿಂತ ಮುಂಚೆ ಅವರಿಗೆ ಗೊತ್ತಿರುತ್ತದೆ.

ಎರಡನೇ ಹೆಜ್ಜೆ: ಯಾರು ಎಲ್ಲಿದ್ದಾರೆ ನೋಡಿ

ಜೂನ್ ತಿಂಗಳಿನ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆ ಎಷ್ಟು ಬಂದಿದೆ ಅಂತ ನೋಡಿ ಸರಿಪಡಿಸುವ ಕಾರ್ಯಕ್ರಮ, ಇರುವುದೇ ಇದಕ್ಕೆ. ಆದರೆ ಎಷ್ಟೋ ಕಡೆ ಅದು ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಫೈಲು ಅಷ್ಟಕ್ಕೇ ನಿಂತುಬಿಡುತ್ತದೆ. ನೀವು ಫೈಲಿನ ಕೆಲಸ ಮಾಡಿ, ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ಒಬ್ಬೊಬ್ಬ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ.

ಇದಕ್ಕೆ ನಾಲ್ಕು ಚೀಟಿ ಸಾಕು. ಒಂದರಲ್ಲಿ ಬಿಡಿ ಅಕ್ಷರಗಳು. ಎರಡನೆಯದರಲ್ಲಿ ‘ಮರ’, ‘ಹೊಲ’, ‘ಬೇಳೆ’ ಥರದ ಸಣ್ಣ ಪದಗಳು. ಮೂರನೆಯದರಲ್ಲಿ ನಾಲ್ಕು ಸುಲಭ ವಾಕ್ಯ. ನಾಲ್ಕನೆಯದರಲ್ಲಿ ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮಕ್ಕಳ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ಮನೆಮನೆಗೆ ಹೋಗಿ ನೋಡುವ ಅಸರ್ (ASER) ಸಮೀಕ್ಷೆಯವರು 2005ರಿಂದ ದೇಶದ ಹಳ್ಳಿಗಳಲ್ಲಿ ಮಕ್ಕಳ ಓದನ್ನು ನೋಡುತ್ತಿರುವುದು ಹೆಚ್ಚು ಕಡಿಮೆ ಇದೇ ರೀತಿಯಲ್ಲಿ. ಒಂದು ಮಗುವಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಉಳಿದವರಿಗೆ ಅಷ್ಟೊತ್ತು ಚಿತ್ರ ಬಿಡಿಸುವುದೋ ಮಗ್ಗಿ ಬರೆಯುವುದೋ ಕೊಡಿ. ಎಲ್ಲರ ಮುಂದೆ ನಿಲ್ಲಿಸಿ ಮಾತ್ರ ಓದಿಸಬೇಡಿ. ಓದಲು ಬಾರದ ಮಗು ಅವತ್ತು ಕಲಿಯುವುದು ಒಂದೇ, ನಿಮ್ಮ ಕಣ್ಣಿಗೆ ಬೀಳದಂತೆ ಕೂರುವುದು.

ಆರನೇ ತರಗತಿಗೆ ಸಮಾಜ ವಿಜ್ಞಾನ ಹೇಳುವ ನನಗೆ ಇದೆಲ್ಲ ಯಾಕೆ ಅನ್ನಬೇಡಿ. ಓದಲು ಬಾರದ ಮಗುವಿಗೆ ಸಮಾಜ ವಿಜ್ಞಾನದ ಪುಸ್ತಕವೂ ಗೋಡೆಯೂ ಒಂದೇ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದಲ್ಲೇ ಕೊನೆಗೆ ನಿಂತವು. ಫಲಿತಾಂಶ ಬಂದಾಗಲೆಲ್ಲ ಹೈಸ್ಕೂಲಿನವರನ್ನು ಬೈಯುತ್ತಾರೆ. ಮೂರನೇ ತರಗತಿಯಲ್ಲಿ ಒತ್ತಕ್ಷರ ಗಟ್ಟಿಯಾಗದ ಮಗು ಏಳು ವರ್ಷ ಹಾಗೇ ದಾಟಿಕೊಂಡು ಹತ್ತನೇ ತರಗತಿಗೆ ಬಂದಿರುತ್ತದೆ, ಅದರ ಮಾತು ಯಾರೂ ಎತ್ತುವುದಿಲ್ಲ.

ಓದಿಸಿದ ಮೇಲೆ ಹೆಸರುಗಳನ್ನು ನಾಲ್ಕು ಗುಂಪು ಮಾಡಿ ನಿಮ್ಮ ಡೈರಿಯಲ್ಲಿ ಬರೆದುಕೊಳ್ಳಿ. ಗೋಡೆಗೆ ಅಂಟಿಸಬೇಡಿ. ಮಕ್ಕಳಿಗೆ ಕೆಳಗಿನ ಗುಂಪು ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ, ನೀವು ಅದಕ್ಕೆ ‘ಮಲ್ಲಿಗೆ’ ಅಂತ ಹೆಸರಿಟ್ಟರೂ ಅಷ್ಟೇ. ದಿನಕ್ಕೆ ಅರ್ಧ ಗಂಟೆ ಈ ಗುಂಪುಗಳ ಪ್ರಕಾರ ಓದಿಸಿ. ಒಂದೂವರೆ ತಿಂಗಳಿಗೊಮ್ಮೆ ಮತ್ತೆ ಚೀಟಿ ಹಿಡಿದು ನೋಡಿ, ಮೇಲೆ ಬಂದವರನ್ನು ಮುಂದಿನ ಗುಂಪಿಗೆ ಕಳಿಸಿ.

ಮೂರನೇ ಹೆಜ್ಜೆ: ಪಾಠ ಯೋಜನೆಯನ್ನು ಕೊನೆಯಿಂದ ಬರೆಯಿರಿ

ಪಾಠ ಯೋಜನೆಯ ನಮೂನೆ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಅದನ್ನು ತುಂಬಲೇಬೇಕು, ತುಂಬಿ. ಆದರೆ ಅದಕ್ಕೂ ಮುಂಚೆ ಒಂದು ಚೀಟಿಯಲ್ಲಿ ಒಂದೇ ಪ್ರಶ್ನೆ ಬರೆಯಿರಿ. ಇವತ್ತಿನ 40 ನಿಮಿಷ ಮುಗಿದಾಗ ಮಕ್ಕಳು ಯಾವ ಪ್ರಶ್ನೆಗೆ ತಾವಾಗಿಯೇ ಉತ್ತರ ಬರೆಯಬೇಕು? ಆ ಪ್ರಶ್ನೆ ಬರೆಯಲು ನಿಮಗೇ ಆಗುತ್ತಿಲ್ಲ ಅಂದರೆ ಪಾಠ ಇನ್ನೂ ತಯಾರಾಗಿಲ್ಲ ಅಂತ ಅರ್ಥ.

ಪ್ರಶ್ನೆ ಸಿಕ್ಕ ಮೇಲೆ ಹಿಂದಕ್ಕೆ ಬನ್ನಿ. ಕೊನೆಯ ಐದು ನಿಮಿಷ ಆ ಪ್ರಶ್ನೆಗೆ. ಮೊದಲ ಐದು ನಿಮಿಷ ಹಳೆಯದಕ್ಕೆ: ನಿನ್ನೆಯ ಒಂದು ಪ್ರಶ್ನೆ, ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು. ಪುಸ್ತಕ ಮುಚ್ಚಿ ನೆನಪಿಸಿಕೊಂಡು ಉತ್ತರ ಬರೆಯಬೇಕು. ಪುಸ್ತಕ ತೆರೆದು ಹತ್ತು ಸಲ ಓದುವುದಕ್ಕಿಂತ ಹೀಗೆ ಬಿಟ್ಟು ಬಿಟ್ಟು ನೆನಪಿಸಿಕೊಂಡದ್ದು ಜಾಸ್ತಿ ಉಳಿಯುತ್ತದೆ. ನಡುವೆ ಉಳಿದ 30 ನಿಮಿಷದಲ್ಲಿ ನೀವು ಮಾತಾಡುವುದು ಹತ್ತು ಹನ್ನೆರಡು ನಿಮಿಷ ಮೀರದಿರಲಿ. ಬಾಕಿ ಸಮಯ ಮಕ್ಕಳ ಕೈಯಲ್ಲಿ ಕೆಲಸ ಇರಬೇಕು.

ಚಾರ್ಟು, ಥರ್ಮಾಕೋಲ್ ಮಾದರಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾತ್ರಿಯಿಡೀ ಕೂತು ಮಾಡಿದ ಚಾರ್ಟು ಬೆಳಗ್ಗೆ ಎರಡು ನಿಮಿಷ ತೋರಿಸಿ ಗೋಡೆಗೆ ಹೋಗುತ್ತದೆ. ಅಷ್ಟು ಹೊತ್ತು ಒಳ್ಳೆಯ ಮೂರು ಪ್ರಶ್ನೆ ಹುಡುಕುವುದು ಮೇಲು.

ಒಂದು ಲೆಕ್ಕ ಹತ್ತಿರದಿಂದ: 53 ರಿಂದ 27 ಕಳೆಯುವುದು

ಒಳ್ಳೆಯ ಪ್ರಶ್ನೆ ಅಂದರೆ ಏನು ಅಂತ ಒಂದು ಉದಾಹರಣೆಯಲ್ಲೇ ನೋಡೋಣ. ಮೂರನೇ ತರಗತಿಗೆ ದಶಕ ಬಿಚ್ಚಿ ಕಳೆಯುವ ಲೆಕ್ಕ ಕಲಿಸಿದ್ದೀರಿ. ಬಂತೋ ಇಲ್ಲವೋ ನೋಡಬೇಕು. ಬೋರ್ಡಿನ ಮೇಲೆ 52 − 27 ಅಂತ ಬರೆದಿರಿ ಅಂತಿಟ್ಟುಕೊಳ್ಳಿ. ಸರಿ ಉತ್ತರ 25. ಕೆಲವು ಮಕ್ಕಳ ಪಾಟಿಯಲ್ಲಿ 35 ಇದೆ. ತಪ್ಪು. ಆದರೆ ಯಾವ ತಪ್ಪು?

ಒಬ್ಬಳು 2ರಲ್ಲಿ 7 ಹೋಗುವುದಿಲ್ಲ ಅಂತ ಉಲ್ಟಾ ಮಾಡಿ 7ರಲ್ಲಿ 2 ಕಳೆದಿದ್ದಾಳೆ, 5 ಬಂತು. ಹತ್ತರ ಮನೆಯಲ್ಲಿ 5ರಲ್ಲಿ 2 ಹೋಗಿ 3. ಉತ್ತರ 35. ಇನ್ನೊಬ್ಬ ಸರಿಯಾಗಿ ಒಂದು ಹತ್ತನ್ನು ತಂದಿದ್ದಾನೆ, 12ರಲ್ಲಿ 7 ಹೋಗಿ 5 ಬಂತು. ಆದರೆ ಪಕ್ಕದ 5ನ್ನು 4 ಮಾಡುವುದು ಬಿಟ್ಟ. ಅವನದೂ 35. ಮೊದಲನೆಯವಳಿಗೆ ದಶಕ ಬಿಚ್ಚುವುದು ಅಂದರೇನು ಅಂತಲೇ ಗೊತ್ತಿಲ್ಲ. ಎರಡನೆಯವನಿಗೆ ಮುಕ್ಕಾಲು ಗೊತ್ತು. ಇಬ್ಬರಿಗೂ ಒಂದೇ ಕೆಂಪು ಗೆರೆ ಹಾಕಿ ‘ಮತ್ತೆ ಮಾಡು’ ಅಂದರೆ ಇಬ್ಬರಿಗೂ ಉಪಯೋಗವಿಲ್ಲ.

ಅದೇ ಬೋರ್ಡಿನ ಮೇಲೆ 53 − 27 ಬರೆಯಿರಿ. ಈಗ ಸರಿ ಉತ್ತರ 26. ಉಲ್ಟಾ ಕಳೆದವರಿಗೆ 34 ಬರುತ್ತದೆ. ಹತ್ತು ತಂದು ಪಕ್ಕದ್ದು ಕಡಿಮೆ ಮಾಡದವರಿಗೆ 36 ಬರುತ್ತದೆ. ಚಿಹ್ನೆ ನೋಡದೆ ಕೂಡಿಸಿದವರಿಗೆ 80. ಮಕ್ಕಳು ಪಾಟಿ ಎತ್ತಿ ಹಿಡಿದರೆ ಸಾಕು, ನಿಂತಲ್ಲಿಂದಲೇ ಯಾರಿಗೆ ಏನು ಬೇಕು ಅಂತ ಓದಬಹುದು. ಒಂದು ಅಂಕಿ ಬದಲಾದದ್ದಕ್ಕೆ ಇಷ್ಟು ಗೊತ್ತಾಯಿತು, ಅಲ್ವಾ? ರಾತ್ರಿ ಪಾಠ ತಯಾರು ಮಾಡುವಾಗ ಪ್ರಶ್ನೆಯನ್ನು ನೀವೇ ಎರಡು ಮೂರು ತಪ್ಪು ದಾರಿಯಲ್ಲಿ ಮಾಡಿ ನೋಡಿ. ಬೇರೆ ಬೇರೆ ತಪ್ಪಿಗೆ ಬೇರೆ ಬೇರೆ ಉತ್ತರ ಬಂದರೆ ಅದು ಒಳ್ಳೆಯ ಪ್ರಶ್ನೆ.

34 ಬರೆದವರಿಗೆ ಕಡ್ಡಿ ಬೇಕು. ನಮ್ಮಲ್ಲಿ ಅದಕ್ಕೆ ಬರ ಇಲ್ಲ. ತೊಗರಿ ರಾಶಿ ಆದ ಮೇಲೆ ಊರ ಸುತ್ತ ಕಟಗಿ ಬಿದ್ದಿರುತ್ತದೆ. ಸಣ್ಣ ಕಟಗಿಯನ್ನು ಬೆರಳುದ್ದ ಮುರಿದು, ಹತ್ತು ಹತ್ತು ಸೇರಿಸಿ ದಾರದಲ್ಲಿ ಕಟ್ಟು ಕಟ್ಟಿಸಿ. ಕಟ್ಟುವ ಕೆಲಸ ಮಕ್ಕಳೇ ಮಾಡಲಿ, ಹತ್ತು ಅಂದರೆ ಎಷ್ಟು ಅನ್ನುವುದು ಕೈಗೆ ಹತ್ತುತ್ತದೆ. ಐದು ಕಟ್ಟು, ಮೂರು ಬಿಡಿ ಕಡ್ಡಿ ಕೊಟ್ಟು ‘ನನಗೆ 27 ಕೊಡು’ ಅನ್ನಿ. ಮಗು ಎರಡು ಕಟ್ಟು ಕೊಡುತ್ತದೆ, ಮೂರು ಬಿಡಿ ಕೊಡುತ್ತದೆ, ಆಮೇಲೆ ನಿಂತುಬಿಡುತ್ತದೆ. ಇನ್ನೂ ನಾಲ್ಕು ಬೇಕು. ಇಲ್ಲಿ ನೀವು ಬಾಯಿ ತೆರೆಯಬಾರದು. ಸ್ವಲ್ಪ ಹೊತ್ತಿಗೆ ಮಗು ತಾನೇ ಕೇಳುತ್ತದೆ: ‘ಸರ್, ಇದನ್ನ ಬಿಚ್ಲೇನ್ರೀ?’ ದಶಕ ಬಿಚ್ಚುವುದು ಮಗುವಿಗೆ ಅರ್ಥವಾಗುವುದು ಆ ಹೊತ್ತಿಗೆ. ಬಿಚ್ಚಿ ಕೊಟ್ಟ ಮೇಲೆ ಉಳಿದ ಎರಡು ಕಟ್ಟನ್ನೂ ನಿಮಗೆ ಕೊಟ್ಟ ಎರಡು ಕಟ್ಟನ್ನೂ ಸೇರಿಸಿ ಎಣಿಸಿದರೆ 5 ಯಾಕೆ 4 ಆಯಿತು ಅಂತಲೂ ಕಾಣುತ್ತದೆ. ಅದನ್ನೇ ಆಮೇಲೆ ಪಾಟಿಯಲ್ಲಿ ಬರೆಸಿ. 36 ಬರೆದವರಿಗೆ ಇಷ್ಟೆಲ್ಲ ಬೇಡ. ತಂದ ಹತ್ತು ಎಲ್ಲಿಂದ ಬಂತು ಅಂತ ಒಂದು ಸಲ ಕೇಳಿದರೆ ಸಾಕು.

ನಾಲ್ಕನೇ ಹೆಜ್ಜೆ: ಕೇಳಿ, ಕೇಳಿದ ಮೇಲೆ ಸುಮ್ನೆ ನಿಲ್ಲಿ

ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಒಂದು ಸಂಗತಿ ಗಮನಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುತ್ತಾರೆ, ಅಷ್ಟೇ. ಮೂರು ಸೆಕೆಂಡ್ ಅಥವಾ ಜಾಸ್ತಿ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರಿಸುವವರ ಸಂಖ್ಯೆ ಏರುತ್ತದೆ, ‘ಗೊತ್ತಿಲ್ಲ’ ಅನ್ನುವವರು ಕಡಿಮೆಯಾಗುತ್ತಾರೆ. ಕಾಸು ಖರ್ಚಿಲ್ಲದ ಉಪಾಯ ಇದು. ಆದರೆ ಕಷ್ಟ. ಮೂವತ್ತು ಮಕ್ಕಳು ನಿಮ್ಮನ್ನೇ ನೋಡುತ್ತಿರುವಾಗ ಮೂರು ಸೆಕೆಂಡ್ ಮೂರು ನಿಮಿಷದ ಹಾಗೆ ಅನಿಸುತ್ತದೆ. ಮನಸ್ಸಿನಲ್ಲೇ ಎಣಿಸಿ.

ಪ್ರಶ್ನೆ ಮೊದಲು, ಹೆಸರು ಆಮೇಲೆ. ‘ರೇಣುಕಾ, ಮಳೆ ಹೇಗೆ ಬರುತ್ತೆ?’ ಅಂದರೆ ರೇಣುಕಾ ಒಬ್ಬಳೇ ಯೋಚಿಸುತ್ತಾಳೆ, ಉಳಿದವರಿಗೆ ನಿರಾಳ. ‘ಮಳೆ ಹೇಗೆ ಬರುತ್ತೆ?’ ಅಂತ ಕೇಳಿ, ನಿಂತು, ಆಮೇಲೆ ಹೆಸರು ಹೇಳಿದರೆ ಎಲ್ಲರೂ ಯೋಚಿಸಬೇಕಾಗುತ್ತದೆ. ಕೈ ಎತ್ತಿದವರನ್ನೇ ಕೇಳುತ್ತಾ ಹೋದರೆ ಮುಂದಿನ ಸಾಲಿನ ಐದಾರು ಜನರ ಜೊತೆಯೇ ವರ್ಷ ಮುಗಿಯುತ್ತದೆ. ಹೆಸರು ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಎತ್ತಿ.

ತಪ್ಪು ಉತ್ತರ ಬಂದರೆ ತಕ್ಷಣ ಇನ್ನೊಬ್ಬರ ಕಡೆ ತಿರುಗಬೇಡಿ. ‘ಹೇಗೆ ಬಂತು ಹೇಳು’ ಅನ್ನಿ. ಸರಿ ಉತ್ತರಕ್ಕೂ ಇದೇ ಮಾತು ಕೇಳಿ. ಇಲ್ಲವಾದರೆ ಸರ್ ‘ಹೇಗೆ’ ಅಂದರು ಅಂದರೆ ನಂದು ತಪ್ಪು ಅಂತ ಮಕ್ಕಳು ಬೇಗ ಲೆಕ್ಕ ಹಾಕುತ್ತಾರೆ.

ನಾಚಿಕೆ ಸ್ವಭಾವದವರಿಗೆ ಜೋಡಿ ಮಾತು ಒಳ್ಳೆಯದು. ಒಂದು ನಿಮಿಷ ಒಬ್ಬರೇ ಯೋಚಿಸಲಿ, ಒಂದು ನಿಮಿಷ ಪಕ್ಕದವರಿಗೆ ಹೇಳಲಿ, ಆಮೇಲೆ ಕ್ಲಾಸಿಗೆ. ಪಕ್ಕದವಳ ಹತ್ತಿರ ಒಂದು ಸಲ ಹೇಳಿ ನೋಡಿದ ಉತ್ತರವನ್ನು ಎದ್ದು ನಿಂತು ಹೇಳಲು ಅಷ್ಟು ಭಯ ಇರುವುದಿಲ್ಲ.

ಗದ್ದಲ, ಕೋಲು, ಮಧ್ಯಾಹ್ನದ ನಿದ್ದೆ

ಕೋಲಿನ ಮಾತು ಮೊದಲೇ ಮುಗಿಸಿಬಿಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ನಿಷಿದ್ಧ. ‘ಸರ್, ಎರಡು ಬಡೀರಿ, ಕಲೀಲಿ’ ಅಂತ ಪಾಲಕರೇ ಬಂದು ಹೇಳುತ್ತಾರೆ. ಅವರು ಹೇಳಿದರು ಅಂತ ಅದು ಸರಿಯಾಗುವುದಿಲ್ಲ. ಮಾನಿಟರ್ ಕೈಗೆ ಕೋಲು ಕೊಡುವುದಂತೂ ಇನ್ನೂ ಕೆಟ್ಟದ್ದು. ಬೋರ್ಡಿನ ಮೇಲೆ ‘ಮಾತಾಡಿದವರು’ ಅಂತ ಹೆಸರು ಬರೆಸುವುದನ್ನೂ ಬಿಡಿ. ಅದರಲ್ಲಿ ಮಾನಿಟರನ ಜಗಳದ ಲೆಕ್ಕವೇ ಜಾಸ್ತಿ ಇರುತ್ತದೆ.

ಗದ್ದಲ ಜಾಸ್ತಿ ಆಗುವುದು ಕೆಲಸ ಇಲ್ಲದ ಹೊತ್ತಿನಲ್ಲಿ. ನೀವು ಹಾಜರಿ ಹಾಕುವಾಗ, ಒಂದು ವಿಷಯದಿಂದ ಇನ್ನೊಂದಕ್ಕೆ ಹೋಗುವಾಗ. ಹಾಗಾಗಿ ಮಕ್ಕಳು ಒಳಗೆ ಬರುವ ಮುಂಚೆಯೇ ಬೋರ್ಡಿನ ಮೇಲೆ ಹಳೆಯ ಪಾಠದ ಆ ಮೂರು ಪ್ರಶ್ನೆ ಇರಲಿ. ಬಂದವರು ಕೂತು ಬರೆಯಲು ಶುರು ಮಾಡಬೇಕು. ಮೊದಲ ಎರಡು ವಾರ ದಿನಾ ನೆನಪಿಸಬೇಕಾಗುತ್ತದೆ, ಆಮೇಲೆ ತಾನೇ ನಡೆಯುತ್ತದೆ.

ಮಾತು ನಿಲ್ಲಿಸಲು ಒಂದು ಚಪ್ಪಾಳೆ ಗುರುತು ಇಟ್ಟುಕೊಳ್ಳಿ. ನೀವು ಒಂದು ಲಯದಲ್ಲಿ ತಟ್ಟಿದರೆ ಮಕ್ಕಳು ಅದೇ ಲಯದಲ್ಲಿ ತಟ್ಟಿ ಸುಮ್ಮನಾಗಬೇಕು. ಪೂರ್ತಿ ಸುಮ್ಮನಾಗುವವರೆಗೆ ಮಾತು ಶುರು ಮಾಡಬೇಡಿ. ಗದ್ದಲದ ಮೇಲೆ ದನಿ ಏರಿಸುತ್ತಾ ಹೋದರೆ ಅವರೂ ಏರಿಸುತ್ತಾರೆ, ಡಿಸೆಂಬರ್ ಹೊತ್ತಿಗೆ ನಿಮ್ಮ ಗಂಟಲು ಕೂತಿರುತ್ತದೆ.

ತಂಟೆ ಮಾಡುವ ಹುಡುಗನನ್ನು ಎಲ್ಲರ ಮುಂದೆ ಬೈದರೆ ಅವನು ಅಲ್ಲೇ ಹೀರೋ ಆಗುತ್ತಾನೆ. ಪಾಠ ಹೇಳುತ್ತಲೇ ಅವನ ಪಕ್ಕ ಹೋಗಿ ನಿಲ್ಲಿ. ಕೆಲಸದ ಕಡೆ ಬೆರಳು ತೋರಿಸಿ ಮುಂದೆ ನಡೆಯಿರಿ. ಮಾತಾಡಲೇಬೇಕಾದ್ದನ್ನು ಬಿಡುವಿನಲ್ಲಿ ಒಬ್ಬನನ್ನೇ ಕರೆದು ಮಾತಾಡಿ.

ನಮ್ಮ ಬಿಸಿಲು ಗೊತ್ತಲ್ಲ, ಏಪ್ರಿಲ್ ಬರುವ ಮುಂಚೆಯೇ ತಗಡಿನ ಚಾವಣಿ ಕಾಯುತ್ತದೆ. ಗಣಿತ, ಓದು ಇವೆರಡನ್ನು ಮುಂಜಾನೆಗೆ ಇಟ್ಟುಕೊಳ್ಳಿ. ಬಿಸಿಯೂಟ ಆದ ಮೇಲಿನ ಪಿರಿಯಡ್ಡಿನಲ್ಲಿ ಮಕ್ಕಳು ಎದ್ದು ಓಡಾಡುವ, ಕೈಯಿಂದ ಮಾಡುವ ಕೆಲಸ ಇರಲಿ. ಅನ್ನ ಸಾರು ಉಂಡು ಬಂದವರಿಗೆ ಸಂಧಿ ಸಮಾಸ ಹೇಳಿದರೆ ತೂಕಡಿಕೆ ಅವರ ತಪ್ಪಲ್ಲ.

ಮನೆಯ ಮಾತು, ಪುಸ್ತಕದ ಮಾತು

ನಮ್ಮ ಮೂರು ಜಿಲ್ಲೆಗಳ ಕ್ಲಾಸಿನಲ್ಲಿ ಒಂದೇ ಭಾಷೆ ಇರುವುದು ಅಪರೂಪ. ತಾಂಡಾದ ಮಕ್ಕಳದು ಲಂಬಾಣಿ. ಉರ್ದು ಎಲ್ಲ ಕಡೆ ಇದೆ. ಔರಾದ, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು. ಕನ್ನಡದ ಮನೆಯಿಂದ ಬಂದವರಿಗೂ ಪುಸ್ತಕದ ಕನ್ನಡ ಸ್ವಲ್ಪ ಪರಕೀಯವೇ. ಮನೆಯಲ್ಲಿ ಉಳ್ಳಾಗಡ್ಡಿ ಅನ್ನುವ ಮಗುವಿಗೆ ಪುಸ್ತಕದಲ್ಲಿ ಈರುಳ್ಳಿ ಸಿಗುತ್ತದೆ.

ದಕ್ಷಿಣದ ಜಿಲ್ಲೆಗಳಿಂದ ಇಲ್ಲಿಗೆ ಬಂದ ಶಿಕ್ಷಕರಿಗೆ ಒಂದು ಮಾತು. ಮಗು ‘ಮಾಡ್ಲಾಕತ್ತೀನ್ರೀ’ ಅಂದರೆ ನಗಬೇಡಿ, ತಿದ್ದಲೂ ಹೋಗಬೇಡಿ. ಮಾತಾಡುವಾಗ ಮನೆಯ ಮಾತು ನಡೆಯಲಿ. ಬರೆಯುವಾಗ ಪುಸ್ತಕದ ರೂಪ ಪಕ್ಕದಲ್ಲಿ ಬರೆದು ತೋರಿಸಿ. ಒಂದು ಸಲ ಕ್ಲಾಸು ನಕ್ಕರೆ ಆ ಮಗು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ, ಆಮೇಲೆ ಅದಕ್ಕೆ ಏನು ಬರುತ್ತದೆ ಅಂತ ನಿಮಗೆ ಗೊತ್ತಾಗುವುದು ಹೇಗೆ?

ಕನ್ನಡವೇ ಹೊಸದಾದ ಮಕ್ಕಳಿಗೆ ಹೀಗೆ ಮಾಡಿ. ಹೊಲದ್ದೋ ಸಂತೆಯದ್ದೋ ಒಂದು ದೊಡ್ಡ ಚಿತ್ರ ತೋರಿಸಿ. ಮೊದಲು ಅವರ ಭಾಷೆಯಲ್ಲೇ ಹೇಳಲಿ. ಎರಡೂ ಭಾಷೆ ಬರುವ ಗೆಳತಿ ಅದನ್ನು ಕನ್ನಡದಲ್ಲಿ ಹೇಳಲಿ. ನೀವು ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯಿರಿ, ಎಲ್ಲರೂ ಓದಲಿ. ತಾವು ಹೇಳಿದ ಮಾತೇ ಬೋರ್ಡಿನ ಮೇಲೆ ಇರುವುದರಿಂದ ಓದಲು ಧೈರ್ಯ ಬರುತ್ತದೆ. ನೀವೂ ಲಂಬಾಣಿಯ ಹತ್ತಿಪ್ಪತ್ತು ಮಾತು ಕಲಿಯಿರಿ. ಮಕ್ಕಳೇ ಮೇಷ್ಟರಾಗಿ ಖುಷಿಯಿಂದ ಹೇಳಿಕೊಡುತ್ತಾರೆ, ನಿಮ್ಮ ಉಚ್ಚಾರಣೆಗೆ ನಗುತ್ತಾರೆ ಕೂಡ. ಆ ನಗು ಇರಲಿ.

ಒಂದೇ ಕೋಣೆ, ಎರಡು ತರಗತಿ

ಒಂದರಿಂದ ಮೂರರವರೆಗೆ ನಲಿ-ಕಲಿ ಇದೆ, ಅಂದರೆ ಬೇರೆ ಬೇರೆ ತರಗತಿಯವರು ಒಟ್ಟಿಗೆ ಕೂತು ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ. ಅಲ್ಲಿ ಮಕ್ಕಳನ್ನು ‘ತಟ್ಟೆ’ ಅಂತ ಕರೆಯುವ ಗುಂಪುಗಳಲ್ಲಿ ಕೂರಿಸುತ್ತೇವೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರಿಂದ ಹಿಡಿದು ಗೆಳೆಯರ ಸಹಾಯದಲ್ಲಿ ಕಲಿಯುವವರು, ತಾವೇ ಕಲಿಯುವವರು ಅಂತ ಬೇರೆ ಬೇರೆ ತಟ್ಟೆ. ನಾಲ್ಕು, ಐದನೇ ತರಗತಿ ಒಟ್ಟಿಗೆ ಕೂತರೂ ಇದೇ ಬುದ್ಧಿ ಓಡಿಸಬಹುದು.

ನಾಲ್ಕನೆಯವರಿಗೆ ನೀವು ಪಾಠ ಹೇಳುವಾಗ ಐದನೆಯವರಿಗೆ ನಿಮ್ಮನ್ನು ಕೇಳದೆ ಮಾಡಬಹುದಾದ ಕೆಲಸ ಬೇಕು. ‘ಪಾಠ ಓದಿಕೊಳ್ಳಿ’ ಅನ್ನುವುದು ಕೆಲಸವಲ್ಲ. ‘ಈ ಪುಟ ಓದಿ, ಜೋಡಿಯವರಿಗೆ ಕೇಳಲು ಮೂರು ಪ್ರಶ್ನೆ ಬರೆಯಿರಿ, ಉತ್ತರ ಬೇರೆ ಹಾಳೆಯಲ್ಲಿ ಬರೆದಿಡಿ’ ಅನ್ನುವುದು ಕೆಲಸ. ಇಪ್ಪತ್ತು ನಿಮಿಷ ಆದ ಮೇಲೆ ಅದಲು ಬದಲು. ಪರಿಸರ ಅಧ್ಯಯನದಂಥ ವಿಷಯದಲ್ಲಿ ಎರಡೂ ತರಗತಿಗೆ ಒಂದೇ ವಸ್ತು ಹಿಡಿದು, ಬರೆಯುವ ಕೆಲಸ ಮಾತ್ರ ಬೇರೆ ಕೊಟ್ಟರೆ ನಿಮ್ಮ ಅರ್ಧ ಹೊರೆ ಇಳಿಯುತ್ತದೆ.

ಕಾಲ ಕೆಳಗಿನ ಕಲ್ಲು

ನಮ್ಮ ಶಾಲೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿರುವುದು ಸಾಮಾನ್ಯ. ಇದಕ್ಕಿಂತ ಒಳ್ಳೆಯ ಗಣಿತದ ಸಾಮಗ್ರಿ ಬೇಕಿಲ್ಲ. ಖಡುವಿನಿಂದ (ಚಾಕ್‌ಪೀಸಿನಿಂದ) ಬರೆಯಬಹುದು, ಒರೆಸಬಹುದು, ಅಳೆಯಬಹುದು.

ಒಂದೇ ಅಳತೆಯ ಚೌಕ ಕಲ್ಲುಗಳಿರುವ ಜಾಗ ಹುಡುಕಿ. ನಾಲ್ಕು ಕಲ್ಲು ಉದ್ದ, ಮೂರು ಕಲ್ಲು ಅಗಲದ ಒಂದು ಹೊಲ ಗೀಚಿ. ಪಕ್ಕದಲ್ಲಿ ಆರು ಕಲ್ಲು ಉದ್ದ, ಎರಡು ಕಲ್ಲು ಅಗಲದ ಇನ್ನೊಂದು. ಯಾವ ಹೊಲ ದೊಡ್ಡದು ಅಂತ ಕೇಳಿ. ಉದ್ದ ಇರುವುದೇ ದೊಡ್ಡದು ಅನ್ನುತ್ತಾರೆ. ಎಣಿಸಲಿ, ಎರಡರಲ್ಲೂ 12 ಕಲ್ಲು. ಈಗ ಹಗ್ಗ ಹಿಡಿದು ಬದುವಿನ ಸುತ್ತ ಬರಲಿ. ಮೊದಲನೆಯದಕ್ಕೆ 14 ಕಲ್ಲಿನಷ್ಟು ಹಗ್ಗ, ಎರಡನೆಯದಕ್ಕೆ 16. ಬಿತ್ತಲು ಬೀಜ ಎರಡಕ್ಕೂ ಒಂದೇ, ಬೇಲಿಗೆ ತಂತಿ ಮಾತ್ರ ಒಂದಕ್ಕೆ ಜಾಸ್ತಿ. ರೈತರ ಮಕ್ಕಳಿಗೆ ಇಷ್ಟು ಸಾಕು. ವಿಸ್ತೀರ್ಣದ ಸೂತ್ರ, ಸುತ್ತಳತೆಯ ಸೂತ್ರ ಆಮೇಲೆ ಬರಲಿ.

ಇತಿಹಾಸಕ್ಕೂ ದೂರ ಹೋಗಬೇಕಾಗಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ಕಾಗಿಣಾ ದಂಡೆಯ ಮಳಖೇಡ. ಅಶೋಕನ ಪಾಠ ಬಂದಾಗ ಭೀಮಾ ದಂಡೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರು ಕೊರೆದ ಶಿಲ್ಪ ಸಿಕ್ಕಿದೆ ಅಂತ ಹೇಳಿ. ಬೀದರಿನವರಿಗೆ 1472ರ ಹೊತ್ತಿಗೆ ಕಟ್ಟಿದ ಮಹಮೂದ್ ಗವಾನ್ ಮದರಸಾ ಊರೊಳಗೇ ಇದೆ. ಐನೂರು ವರ್ಷದ ಹಿಂದಿನ ಮಕ್ಕಳು ಎಲ್ಲಿ ಕೂತು ಓದುತ್ತಿದ್ದರು ಅಂತ ತೋರಿಸಬಹುದು. ಬಸ್ಸಿಗೆ ರೊಕ್ಕ ಇಲ್ಲದಿದ್ದರೆ ಊರ ಗುಡಿಯ ಶಾಸನ, ಹಾಳು ಬಾವಿ ಇದ್ದೇ ಇರುತ್ತದೆ.

ಗುಳೆ ಹೋದ ಮಕ್ಕಳು

ಸುಗ್ಗಿ ಹೊತ್ತಿನಲ್ಲಿ ಹಾಜರಿ ಇಳಿಯುತ್ತದೆ. ಯಾದಗಿರಿ ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ‘ಸಂಗೀತಾ ಯಾಕೆ ಬಂದಿಲ್ಲ?’ ಅಂದರೆ ‘ಹತ್ತಿ ಬಿಡ್ಸಾಕ ಹೋಗ್ಯಾಳ್ರೀ’ ಅನ್ನುವ ಉತ್ತರ ಸಾಮಾನ್ಯ. ಆಮೇಲೆ ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳು. ಇದನ್ನು ನೀವೊಬ್ಬರೇ ನಿಲ್ಲಿಸಲಾರಿರಿ. ಆದರೆ ಕೆಲವು ಕೆಲಸ ನಿಮ್ಮ ಕೈಯಲ್ಲಿವೆ.

ಹೋಗುವ ಮುಂಚೆ ಗೊತ್ತು ಮಾಡಿಕೊಳ್ಳಿ. ಮಗುವನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟು ಹೋಗಲು ಆಗುತ್ತದೆಯೇ, ಹತ್ತಿರದ ಹಾಸ್ಟೆಲ್ಲಿನಲ್ಲಿ ಜಾಗ ಇದೆಯೇ ಅಂತ ಎಸ್‌ಡಿಎಂಸಿಯವರನ್ನು (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕರೆದುಕೊಂಡು ಹೋಗಿ ಮಾತಾಡಿ. ಮನೆಯವರು ಹೊಲದಿಂದ ಬಂದ ಮೇಲೆ, ಸಂಜೆ ಹೋಗಬೇಕು. ಮೊದಲ ಮಾತು ಮಗುವಿನ ಬಗ್ಗೆ ಒಳ್ಳೆಯದೇ ಇರಲಿ. ದೂರು ಹೊತ್ತುಕೊಂಡು ಬರುವ ಮಾಸ್ತರನ್ನು ಕಂಡರೆ ಅವ್ವಂದಿರು ಒಳಗೇ ಇದ್ದು ‘ಇಲ್ಲ’ ಅನ್ನಿಸುತ್ತಾರೆ.

ಹೋಗಲೇಬೇಕಾದರೆ ಪಠ್ಯಪುಸ್ತಕ, ಒಂದು ಕಥೆ ಪುಸ್ತಕ ಕೈಯಲ್ಲಿ ಕೊಟ್ಟು ಕಳಿಸಿ. ಮನೆಯವರ ಫೋನ್ ನಂಬರ್ ಬರೆದುಕೊಳ್ಳಿ, ಆಗಾಗ ಮಗುವಿನ ಜೊತೆ ಮಾತಾಡಿ. ನಿಮ್ಮ ಡೈರಿಯಲ್ಲಿ ಆ ಮಗು ಯಾವ ಗುಂಪಿನಲ್ಲಿತ್ತು, ಯಾವ ಲೆಕ್ಕದವರೆಗೆ ಬಂದಿತ್ತು ಅಂತ ಒಂದು ಸಾಲು ಇರಲಿ. ತಿರುಗಿ ಬಂದ ದಿನ ‘ಇಷ್ಟು ದಿನ ಎಲ್ಲಿ ಹೋಗಿದ್ದೆ?’ ಅಂತ ಕ್ಲಾಸಿನ ಮುಂದೆ ವಿಚಾರಣೆ ಬೇಡ. ಒಬ್ಬ ಜೋಡಿಯ ಪಕ್ಕ ಕೂರಿಸಿ. ಬಿಟ್ಟುಹೋದ ಪಾಠಗಳನ್ನೆಲ್ಲ ಬರೆಸಲು ಹೋದರೆ ಮಗು ಮತ್ತೆ ಶಾಲೆ ಬಿಡುತ್ತದೆ. ಮುಂದಿನ ಪಾಠಕ್ಕೆ ಬೇಕೇ ಬೇಕಾದ್ದನ್ನು ಮಾತ್ರ ಆರಿಸಿ ಕಲಿಸಿ: ಓದು, ಮಗ್ಗಿ, ಕೂಡಿಸು, ಕಳೆ, ಭಾಗಾಕಾರ.

ನೋಟ್‌ಬುಕ್ ರಾಶಿ

ಎಲ್ಲ ನೋಟ್‌ಬುಕ್ಕಿಗೂ ಸರಿ ಗುರುತು, ಸಹಿ, ದಿನಾಂಕ ಹಾಕುತ್ತಾ ಕೂತರೆ ಸಂಜೆ ಹೋಗುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ. ಗೈಡ್ ನೋಡಿ ಬರೆದ ಪ್ರಶ್ನೋತ್ತರಕ್ಕೆ ಸಹಿ ಹಾಕುವುದರಲ್ಲಿ ಏನಿದೆ? ಕೊನೆಯ ಐದು ನಿಮಿಷ ಬರೆಸಿದ ಉತ್ತರವನ್ನು ಮಾತ್ರ ನೋಡಿ, ನೋಡುತ್ತಾ ಮೂರು ರಾಶಿ ಮಾಡಿ. ಬಂದವರು, ಅರ್ಧ ಬಂದವರು, ಬಾರದವರು. ಮೂರನೇ ರಾಶಿ ದೊಡ್ಡದಿದ್ದರೆ ನಾಳೆ ಅದೇ ಪಾಠ ಬೇರೆ ದಾರಿಯಲ್ಲಿ. ಸಣ್ಣದಿದ್ದರೆ ಆ ನಾಲ್ಕೈದು ಜನರನ್ನು ನಾಳೆ ಹತ್ತು ನಿಮಿಷ ಹತ್ತಿರ ಕೂರಿಸಿಕೊಳ್ಳಿ. ಸಿಲಬಸ್ ಮುಗಿಯುವುದಿಲ್ಲ ಅನ್ನುವ ಚಿಂತೆ ಎಲ್ಲರಿಗೂ ಇದೆ. ನೀವು ಮುಗಿಸಿದ್ದು ಮೂರನೇ ರಾಶಿಯವರ ಪಾಲಿಗೆ ಶುರುವೇ ಆಗಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನೂ ಓದುತ್ತಿರುವವರಿಗೆ

ಬಿ.ಎಡ್. 2015ರಿಂದ ಎರಡು ವರ್ಷದ್ದಾಗಿದೆ, ಶಾಲೆಗಳಲ್ಲಿ ಇರುವ ಅವಧಿಯೂ ಜಾಸ್ತಿ. ಆ ಅವಧಿಯನ್ನು ರೆಕಾರ್ಡ್ ಬರೆಯಲು ಮಾತ್ರ ಕಳೆಯಬೇಡಿ. ಅಭ್ಯಾಸ ಪಾಠದ ದಿನ ಜಾಣ ಮಕ್ಕಳನ್ನು ಮುಂದೆ ಕೂರಿಸಿ, ಉತ್ತರ ಮೊದಲೇ ಹೇಳಿಕೊಟ್ಟು ಮಾಡುವ ನಾಟಕ ವೀಕ್ಷಕರಿಗೂ ಗೊತ್ತಿರುತ್ತದೆ. ನಿಮ್ಮ ಗೆಳತಿಯನ್ನು ಹಿಂದೆ ಕೂರಿಸಿ ಎರಡೇ ಸಂಗತಿ ಬರೆದುಕೊಳ್ಳಲು ಹೇಳಿ. ನೀವು ಪ್ರಶ್ನೆ ಕೇಳಿದ್ದು ಯಾರು ಯಾರನ್ನು, ಎಷ್ಟು ಸೆಕೆಂಡ್ ಕಾದಿರಿ. ಆ ಹಾಳೆ ನೋಡಿದರೆ ಮುಂದಿನ ಪಾಠದಲ್ಲಿ ಏನು ಬದಲಿಸಬೇಕು ಅಂತ ಯಾರೂ ಹೇಳಬೇಕಾಗುವುದಿಲ್ಲ.

ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುವವರು ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರದ 30 ಅಂಕಕ್ಕೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುತ್ತಾರೆ. ವಾರಕ್ಕೆ ಒಂದು ದಿನ ನಿಮ್ಮೂರಿನ ಶಾಲೆಯ ಹೆಡ್‌ಮಾಸ್ತರ ಒಪ್ಪಿಗೆ ಪಡೆದು, ಮೇಲೆ ಹೇಳಿದ ನಾಲ್ಕು ಚೀಟಿ ಹಿಡಿದು ಐದು ಮಕ್ಕಳನ್ನು ಓದಿಸಿ ಬನ್ನಿ. ಮಗು ಎಲ್ಲಿ ತಡವರಿಸಿತು, ಯಾವ ಒತ್ತಕ್ಷರ ನುಂಗಿತು ಅಂತ ಬರೆದಿಡಿ, ಶಾಲೆಯವರಿಗೂ ಒಂದು ಪ್ರತಿ ಕೊಡಿ. ಅವರಿಗೆ ಅದು ಸೇತುಬಂಧದ ಕೆಲಸಕ್ಕೆ ಬರುತ್ತದೆ.